ಆಟೋಮ್ಯಾಟಿಕ್ ಪ್ರಾಕ್ಟರ್ ಮೆಷಿನ್: ಕೊಳ್ಳುವುದರಿಂದ ರಿಪೋರ್ಟ್ ಬರೆಯುವವರೆಗೆ

ಒಂದು ರಸ್ತೆಯ ಸಬ್‌ಗ್ರೇಡ್ ಮಣ್ಣಿಗೆ (ರಸ್ತೆಯ ಪದರಗಳ ಕೆಳಗಿನ ಮಣ್ಣು) ಲ್ಯಾಬ್‌ನವರು 1.94 ಎಂಡಿಡಿ, ಅಂದರೆ ಕುಟ್ಟಿದಾಗ ಸಿಗುವ ಅತಿ ಹೆಚ್ಚಿನ ಒಣ ಸಾಂದ್ರತೆ, ಕೊಟ್ಟರು ಅಂದುಕೊಳ್ಳಿ. ಆ ಮಣ್ಣಿನ ನಿಜವಾದ ಎಂಡಿಡಿ ಸಿಸಿಗೆ 2.00 ಗ್ರಾಂ. ವ್ಯತ್ಯಾಸ ಶೇ. 3, ಕಾಗದದ ಮೇಲೆ ನೋಡಿದರೆ ಏನೂ ಅನ್ನಿಸುವುದಿಲ್ಲ. ಆದರೆ ಸೈಟಿನಲ್ಲಿ ರೋಲರ್ ಓಡಿಸುವವರು 1.94ರ ಶೇ. 97 ಮುಟ್ಟಿದರೆ ಸಾಕು, ಅಂದರೆ 1.88. ನಿಜವಾದ ಲೆಕ್ಕದಲ್ಲಿ ಅದು ಶೇ. 94 ಅಷ್ಟೇ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮ ಸಬ್‌ಗ್ರೇಡ್‌ಗೆ ಹೆವಿ ಕಂಪ್ಯಾಕ್ಷನ್‌ನ (ಹೆಚ್ಚು ಶಕ್ತಿಯಲ್ಲಿ ಕುಟ್ಟುವ ಪರೀಕ್ಷೆ) ಎಂಡಿಡಿಯ ಕನಿಷ್ಠ ಶೇ. 97 ಕೇಳುತ್ತದೆ. ದಾಖಲೆಯಲ್ಲಿ ಪಾಸಾದ ಮಣ್ಣು ನೆಲದಲ್ಲಿ ಫೇಲ್. ಎರಡು ಮಳೆಗಾಲ ಕಳೆದ ಮೇಲೆ ರಸ್ತೆ ಕುಸಿದರೆ ಲ್ಯಾಬ್‌ನ ಮೆಷಿನ್ ಯಾರಿಗೂ ನೆನಪಾಗುವುದಿಲ್ಲ.

ಇದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಖಾಸಗಿ ಟೆಸ್ಟಿಂಗ್ ಲ್ಯಾಬ್ ಎಲ್ಲ ಕಡೆ ಈಗ ಕೈ ರ‍್ಯಾಮರ್ (ಮಣ್ಣು ಕುಟ್ಟುವ ಕಬ್ಬಿಣದ ಗುದ್ದು) ಜಾಗಕ್ಕೆ, ಅದೇ ಕೆಲಸವನ್ನು ಮೋಟಾರ್‌ನಿಂದ ಮಾಡುವ ಆಟೋಮ್ಯಾಟಿಕ್ ಕಂಪ್ಯಾಕ್ಟರ್ ಬರುತ್ತಿದೆ. ಬರಲಿ, ಒಳ್ಳೆಯದೇ. ಹೆವಿ ಕಂಪ್ಯಾಕ್ಷನ್‌ನ ಒಂದು ಮೋಲ್ಡ್‌ಗೆ (ಮಣ್ಣು ತುಂಬಿ ಕುಟ್ಟುವ ಅಚ್ಚು) 4.9 ಕೆಜಿ ರ‍್ಯಾಮರ್ ಅನ್ನು 125 ಸಲ ಎತ್ತಬೇಕು. ಐದು ಪಾಯಿಂಟ್ (ಬೇರೆ ಬೇರೆ ತೇವಾಂಶದಲ್ಲಿ ಒಂದೊಂದು ಮೋಲ್ಡ್) ತೆಗೆಯುವಷ್ಟರಲ್ಲಿ 625 ಸಲ. ಅದೂ 150 ಮಿ.ಮೀ. ಮೋಲ್ಡ್ ಆದರೆ 1400 ಸಲ. ಕೊನೆಯ ಮೋಲ್ಡ್ ಹೊತ್ತಿಗೆ ಯಾರ ತೋಳಾದರೂ ಸೋಲುತ್ತದೆ. ರ‍್ಯಾಮರ್ ಪೂರ್ತಿ ಮೇಲೆ ಹೋಗುವುದಿಲ್ಲ, ಎಣಿಕೆ ತಪ್ಪುತ್ತದೆ. ಮೆಷಿನ್‌ಗೆ ಆ ಸುಸ್ತು ಇಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮೆಷಿನ್ ಎಣಿಸುವುದು ಪೆಟ್ಟುಗಳನ್ನು ಮಾತ್ರ. ಪ್ರತಿ ಪೆಟ್ಟಿನಲ್ಲಿ ಎಷ್ಟು ಶಕ್ತಿ ಮಣ್ಣಿಗೆ ಹೋಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ನಾವು.

ಶಕ್ತಿಯ ಲೆಕ್ಕ ಮೊದಲು

ರಾಲ್ಫ್ ಪ್ರಾಕ್ಟರ್ 1933ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಣ್ಣಿನ ಅಣೆಕಟ್ಟುಗಳ ಕೆಲಸದ ಅನುಭವದಿಂದ ಈ ಪರೀಕ್ಷೆಯನ್ನು ಪ್ರಕಟಿಸಿದರು. ಅವರು ತೋರಿಸಿದ್ದು ಇಷ್ಟು: ಒಂದೇ ಶಕ್ತಿಯಲ್ಲಿ ಕುಟ್ಟಿದರೆ, ಒಂದು ನಿರ್ದಿಷ್ಟ ತೇವಾಂಶದಲ್ಲಿ ಮಣ್ಣು ಅತಿ ಹೆಚ್ಚು ಗಟ್ಟಿಯಾಗಿ ಕೂರುತ್ತದೆ. ಆ ತೇವಾಂಶವೇ ಓಎಂಸಿ, ಆಗ ಸಿಗುವ ಒಣ ಸಾಂದ್ರತೆ ಎಂಡಿಡಿ. ಶಕ್ತಿ ಬದಲಾದರೆ ಎರಡೂ ಬದಲಾಗುತ್ತವೆ. ಶಕ್ತಿ ಜಾಸ್ತಿಯಾದರೆ ಎಂಡಿಡಿ ಏರುತ್ತದೆ, ಓಎಂಸಿ ಇಳಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರೀ ವಿಮಾನಗಳಿಗೆ ರನ್‌ವೇ ಕಟ್ಟಬೇಕಾಗಿ ಬಂದಾಗ ಹೆವಿ ಕಂಪ್ಯಾಕ್ಷನ್ ಹುಟ್ಟಿತು.

ನಮ್ಮಲ್ಲಿ ಲೈಟ್ ಕಂಪ್ಯಾಕ್ಷನ್‌ಗೆ ಐಎಸ್ (ಭಾರತೀಯ ಮಾನಕ) 2720 ಭಾಗ 7. ರ‍್ಯಾಮರ್ 2.6 ಕೆಜಿ, ಬೀಳುವ ಎತ್ತರ 310 ಮಿ.ಮೀ., ಮೂರು ಲೇಯರ್. ಹೆವಿಗೆ ಭಾಗ 8. ರ‍್ಯಾಮರ್ 4.9 ಕೆಜಿ, ಎತ್ತರ 450 ಮಿ.ಮೀ., ಐದು ಲೇಯರ್. ಎರಡರಲ್ಲೂ 1000 ಸಿಸಿ ಮೋಲ್ಡ್‌ಗೆ ಲೇಯರ್‌ಗೆ 25 ಪೆಟ್ಟು, 2250 ಸಿಸಿ ಮೋಲ್ಡ್‌ಗೆ 56 ಪೆಟ್ಟು. ಗುಣಿಸಿ ನೋಡಿದರೆ ಲೈಟ್‌ನಲ್ಲಿ ಒಂದು ಘನ ಮೀಟರ್ ಮಣ್ಣಿಗೆ ಸುಮಾರು 593 ಕಿಲೋಜೂಲ್, ಹೆವಿಯಲ್ಲಿ ಸುಮಾರು 2700 ಕಿಲೋಜೂಲ್ ಬರುತ್ತದೆ. ನಾಲ್ಕೂವರೆ ಪಟ್ಟು. ಮೆಷಿನ್‌ನ ಮೇಲೆ ನಾವು ಮಾಡುವ ಎಲ್ಲ ಪರಿಶೀಲನೆಯೂ ಈ ಎರಡು ಅಂಕಿಗಳಿಗಾಗಿ.

ಕೊಳ್ಳುವಾಗ

ಮಾರುಕಟ್ಟೆಯಲ್ಲಿ ಸಿಗುವ ಮೆಷಿನ್‌ಗಳು ಎಲ್ಲವೂ ಐಎಸ್ ಲೆಕ್ಕಕ್ಕೆ ಮಾಡಿದವಲ್ಲ. ಅಮೆರಿಕದ ಮಾನಕ ಎಎಸ್‌ಟಿಎಂ ಡಿ698ರಲ್ಲಿ ರ‍್ಯಾಮರ್ ಸುಮಾರು 2.5 ಕೆಜಿ, ಎತ್ತರ 305 ಮಿ.ಮೀ., ಸಣ್ಣ ಮೋಲ್ಡ್ 944 ಸಿಸಿ. ಬ್ರಿಟನ್‌ನ ಬಿಎಸ್ 1377ರಲ್ಲಿ 2.5 ಕೆಜಿ, 300 ಮಿ.ಮೀ., ಒಂದು ಲೀಟರ್ ಮೋಲ್ಡ್, ಆದರೆ 27 ಪೆಟ್ಟು. ಪ್ರತಿಯೊಂದೂ ತನ್ನ ಮಟ್ಟಿಗೆ ಸರಿ. ಕಲಸುಮೇಲೋಗರ ಮಾಡಿದರೆ ಮಾತ್ರ ತಪ್ಪು. ಎಎಸ್‌ಟಿಎಂ ರ‍್ಯಾಮರ್ ಇರುವ ಮೆಷಿನ್‌ನಲ್ಲಿ ನಮ್ಮ 1000 ಸಿಸಿ ಮೋಲ್ಡ್ ಇಟ್ಟು 25 ಪೆಟ್ಟು ಹಾಕಿದರೆ ಶಕ್ತಿ ಶೇ. 5ಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ.

ಹಾಗಾಗಿ ಆರ್ಡರ್‌ನಲ್ಲಿ ಸುಮ್ನೆ "ಆಟೋಮ್ಯಾಟಿಕ್ ಕಂಪ್ಯಾಕ್ಟರ್ 1" ಅಂತ ಬರೆಯಬೇಡಿ. ರ‍್ಯಾಮರ್ ಐಎಸ್ 9198ಕ್ಕೆ, ಮೋಲ್ಡ್ ಐಎಸ್ 10074ಕ್ಕೆ ಹೊಂದಬೇಕು ಎಂದು ಬರೆಯಿರಿ. ಎರಡೂ ತೂಕ, ಎರಡೂ ಎತ್ತರ ಬೇಕು ಎಂದು ಅಂಕಿಯಲ್ಲಿ ಬರೆಯಿರಿ. 100 ಮತ್ತು 150 ಮಿ.ಮೀ. ಮೋಲ್ಡ್ ಎರಡೂ ಕೂರಬೇಕು. ಸಿಬಿಆರ್ (ಸಬ್‌ಗ್ರೇಡ್ ಮಣ್ಣಿನ ಬಲ ಅಳೆಯುವ ಪರೀಕ್ಷೆ) ಮೋಲ್ಡ್ ಕೂರುತ್ತದೆಯಾ ಅಂತಲೂ ಕೇಳಿ. ಅದು ಹೆಚ್ಚು ಎತ್ತರ ಇರುವುದರಿಂದ ಕೆಲವು ಮೆಷಿನ್‌ನಲ್ಲಿ ಹಿಡಿಸುವುದಿಲ್ಲ. ನಿಗದಿತ ಎಣಿಕೆಗೆ ತಾನೇ ನಿಲ್ಲುವ ಕೌಂಟರ್, ಬಾಗಿಲು ತೆಗೆದರೆ ನಿಲ್ಲುವ ಜಾಲರಿ ಗಾರ್ಡ್, ಕೈಗೆ ಸಿಗುವ ಜಾಗದಲ್ಲಿ ಕೆಂಪು ಎಮರ್ಜೆನ್ಸಿ ಸ್ವಿಚ್. ಈ ಮೂರೂ ಇಲ್ಲದ ಮೆಷಿನ್ ವಿದ್ಯಾರ್ಥಿಗಳು ಓಡಾಡುವ ಲ್ಯಾಬ್‌ಗೆ ಬೇಡವೇ ಬೇಡ, ಎಷ್ಟೇ ಅಗ್ಗಕ್ಕೆ ಬಂದರೂ.

ಇನ್ನೊಂದು ಷರತ್ತು ಹಾಕಿ: ಮೆಷಿನ್ ನಿಮ್ಮ ಲ್ಯಾಬ್‌ನಲ್ಲಿ ಕೂತ ಮೇಲೆ, ನಿಮ್ಮದೇ ಮಣ್ಣಿನಲ್ಲಿ, ಕೈ ರ‍್ಯಾಮರ್ ಜೊತೆ ಹೋಲಿಸಿ ತೋರಿಸಬೇಕು. ಅದು ಸರಿ ಬಂದ ಮೇಲೇ ಬಿಲ್ ಪಾಸ್. ಹೋಲಿಕೆ ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕೂರಿಸುವ ಜಾಗ

ಮೆಷಿನ್ ನೆಲಮಹಡಿಯಲ್ಲೇ ಇರಲಿ. ಮೊದಲ ಮಹಡಿಯ ಸ್ಲ್ಯಾಬ್ ಮೇಲೆ ಇಟ್ಟರೆ ಪ್ರತಿ ಪೆಟ್ಟಿಗೂ ಸ್ಲ್ಯಾಬ್ ಒಂದಿಷ್ಟು ಅದುರುತ್ತದೆ. ಆ ಅದುರಿಗೆ ಹೋದ ಶಕ್ತಿ ಮಣ್ಣಿಗೆ ಹೋಗಲಿಲ್ಲ ಅಂತಲೇ ಅರ್ಥ. ಕಬ್ಬಿಣದ ಟೇಬಲ್, ಮರದ ಬೆಂಚು, ರಬ್ಬರ್ ಶೀಟ್ ಯಾವುದೂ ಬೇಡ. ಸದ್ದು ಕಡಿಮೆ ಆಗಲಿ ಅಂತ ಕೆಳಗೆ ರಬ್ಬರ್ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಸದ್ದಿನ ಜೊತೆ ಶಕ್ತಿಯೂ ಕಡಿಮೆಯಾಗುತ್ತದೆ.

ಎಎಸ್‌ಟಿಎಂ ಕೇಳುವುದು ಕನಿಷ್ಠ 91 ಕೆಜಿ ತೂಕದ ಕಾಂಕ್ರೀಟ್ ಗಟ್ಟಿಯಷ್ಟು ಬಿಗಿಯಾದ ತಳ. ಮೂರೂ ಕಡೆ 34 ಸೆಂ.ಮೀ. ಇರುವ ಕಾಂಕ್ರೀಟ್ ಬ್ಲಾಕ್ ಅಷ್ಟು ತೂಗುತ್ತದೆ. ಅದು ಕನಿಷ್ಠ. ಮೆಷಿನ್‌ನ ಪಾದ ಅದಕ್ಕಿಂತ ದೊಡ್ಡದಿರುತ್ತದೆ. ಪಾದಕ್ಕಿಂತ ನಾಲ್ಕೂ ಕಡೆ ಒಂದು ಗೇಣು ಹೆಚ್ಚು ಬಿಟ್ಟು, ಕೆಳಗಿನ ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡಿಸಿ, ಪೀಠ ಹಾಕಿಸಿ. ಆಂಕರ್ ಬೋಲ್ಟ್‌ಗಳನ್ನು ಕಾಂಕ್ರೀಟ್ ಹಾಕುವಾಗಲೇ ಟೆಂಪ್ಲೇಟ್ ಇಟ್ಟು ಕೂರಿಸಿ. ಕಾಂಕ್ರೀಟ್ ಪೂರ್ತಿ ಗಟ್ಟಿಯಾಗುವ ಮೊದಲು ಮೆಷಿನ್ ಓಡಿಸಬೇಡಿ.

ಕೂರಿಸಿದ ಮೇಲೆ ಟರ್ನ್‌ಟೇಬಲ್ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಎರಡು ದಿಕ್ಕಿನಲ್ಲೂ ಮಟ್ಟ ನೋಡಿ. ಗೈಡ್ ರಾಡ್‌ಗೂ ತೂಗುಗುಂಡು ಹಿಡಿದು ನೋಡಿ. ರಾಡ್ ಓರೆಯಾದರೆ ರ‍್ಯಾಮರ್ ಉಜ್ಜಿಕೊಂಡು ಬೀಳುತ್ತದೆ, ಪೆಟ್ಟು ಬಡವಾಗುತ್ತದೆ. ವೋಲ್ಟೇಜ್ ಏರಿಳಿತ ಇರುವ ಊರಾದರೆ ಸ್ಟೆಬಿಲೈಸರ್ ಹಾಕಿಸಿ. ಅರ್ಥಿಂಗ್ ಇಲ್ಲದ ಪ್ಲಗ್‌ಗೆ ಮಾತ್ರ ಎಂದೂ ಜೋಡಿಸಬೇಡಿ. ಒದ್ದೆ ಕೈಯಲ್ಲಿ ಮಾಡುವ ಕೆಲಸ ಇದು.

ಎತ್ತರ ಅಳೆಯುವ ಸರಿಯಾದ ರೀತಿ

ಹೆಚ್ಚಿನ ತಪ್ಪು ಆಗುವುದು ಇಲ್ಲಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

310 ಮಿ.ಮೀ. ಅಂದರೆ ಮಣ್ಣಿನ ಮೇಲ್ಮೈಯಿಂದ 310. ಮೋಲ್ಡ್‌ನ ತಳದಿಂದ ಅಲ್ಲ. ಮೊದಲ ಲೇಯರ್‌ನ ಮೇಲ್ಮೈ ತಳದಿಂದ ಸುಮಾರು 43 ಮಿ.ಮೀ. ಮೇಲಿರುತ್ತದೆ. ಮೂರನೆಯದು ಸುಮಾರು 130 ಮಿ.ಮೀ. ಮೇಲೆ. ಕೆಲವು ಮೆಷಿನ್‌ಗಳು ರ‍್ಯಾಮರ್ ಮಣ್ಣಿನ ಮೇಲೆ ಕೂತ ಜಾಗದಿಂದಲೇ ಹಿಡಿದು ಎತ್ತುತ್ತವೆ. ಅವುಗಳಲ್ಲಿ ಮಣ್ಣು ಏರಿದಂತೆ ಬಿಡುವ ಜಾಗವೂ ಏರುತ್ತದೆ. ಇನ್ನು ಕೆಲವು ಯಾವಾಗಲೂ ಒಂದೇ ಜಾಗದಿಂದ ಬಿಡುತ್ತವೆ. ಅಂಥದ್ದರಲ್ಲಿ ಲೇಯರ್ ಬದಲಾದಾಗ ನಾವೇ ಎತ್ತರ ಹೊಂದಿಸಬೇಕು. ಇಲ್ಲದಿದ್ದರೆ ಮೊದಲ ಲೇಯರ್‌ಗೂ ಕೊನೆಯದಕ್ಕೂ 87 ಮಿ.ಮೀ. ವ್ಯತ್ಯಾಸ ಬರುತ್ತದೆ. ನಿಮ್ಮದು ಯಾವ ಬಗೆ ಅನ್ನುವುದನ್ನು ಮೊದಲ ದಿನವೇ ತಿಳಿದುಕೊಳ್ಳಿ.

ಅಳೆಯುವುದಕ್ಕೆ ಮೊಬೈಲ್ ಸಾಕು. ರ‍್ಯಾಮರ್ ರಾಡ್‌ಗೆ ಒಂದು ತುಂಡು ಬಿಳಿ ಟೇಪ್ ಸುತ್ತಿ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ನೆಟ್ಟಗೆ ಕಟ್ಟಿ. ಗಾರ್ಡ್ ಮುಚ್ಚಿ ಮೆಷಿನ್ ಓಡಿಸಿ, ಟೇಪ್‌ನ ಮಟ್ಟದಲ್ಲೇ ಮೊಬೈಲ್ ಹಿಡಿದು ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಟೇಪ್‌ನ ಅತಿ ಮೇಲಿನ ಜಾಗ ಮತ್ತು ಅತಿ ಕೆಳಗಿನ ಜಾಗ ಓದಿ ಕಳೆದರೆ ಎತ್ತರ ಸಿಕ್ಕಿತು. ಮೊಬೈಲ್ ಮೇಲೆ ಕೆಳಗೆ ಇದ್ದರೆ ಓದುವಿಕೆ ತಪ್ಪುತ್ತದೆ, ಅಷ್ಟು ನೋಡಿಕೊಳ್ಳಿ. ಮೊದಲ ಲೇಯರ್‌ನಲ್ಲಿ ಒಮ್ಮೆ, ಕೊನೆಯದರಲ್ಲಿ ಒಮ್ಮೆ. ಅದರಲ್ಲೂ ಕೊನೆಯ ಕೆಲವು ಪೆಟ್ಟುಗಳನ್ನು ಗಮನಿಸಿ. ಮಣ್ಣು ಮೆತ್ತಗಿರುವಾಗ ಮೊದಲ ಪೆಟ್ಟುಗಳು ಒಳಗೆ ಇಳಿಯುವುದು ಸಹಜ. 310ರ ಬದಲು 295 ಬಂದರೆ ಶೇ. 5ರಷ್ಟು ಶಕ್ತಿ ಹೋಯಿತು.

ತೂಕಕ್ಕೆ ರ‍್ಯಾಮರ್ ಕಳಚಿ ತಕ್ಕಡಿ ಮೇಲೇ ಇಡಬೇಕು. ತಳಕ್ಕೆ ಅಂಟಿದ ಮಣ್ಣನ್ನು ತೊಳೆದು ಒರೆಸಿ ತೂಗಿ. ಲೈಟ್‌ನಿಂದ ಹೆವಿಗೆ ಬದಲಿಸುವಾಗ ಎರಡು ಕೆಲಸ ಇರುತ್ತದೆ: ಹೆಚ್ಚುವರಿ ತೂಕ ಸೇರಿಸುವುದು, ಎತ್ತರದ ಪಿನ್ ಬದಲಿಸುವುದು. ಗಡಿಬಿಡಿಯಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಮರೆಯುವುದು ತುಂಬಾ ಸುಲಭ. ಮೆಷಿನ್ ಆಗಲೂ ಸದ್ದು ಮಾಡುತ್ತಾ ಸರಾಗವಾಗಿ ಓಡುತ್ತದೆ, ಗ್ರಾಫೂ ಚೆನ್ನಾಗಿಯೇ ಬರುತ್ತದೆ. ಮೆಷಿನ್ ಮೇಲೇ ಒಂದು ಚೀಟಿ ಅಂಟಿಸಿ: "ಲೈಟ್ 2.6 / 310 / 3 ಲೇಯರ್. ಹೆವಿ 4.9 / 450 / 5 ಲೇಯರ್." ಸ್ವಿಚ್ ಒತ್ತುವವರು ಅದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆ ಒತ್ತಲಿ.

ಇನ್ನು ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದು. ರ‍್ಯಾಮರ್‌ನ ತಳ 50 ಮಿ.ಮೀ., ಮೋಲ್ಡ್ 100 ಮಿ.ಮೀ. ಪ್ರತಿ ಪೆಟ್ಟಾದ ಮೇಲೆ ಟರ್ನ್‌ಟೇಬಲ್ ಒಂದಿಷ್ಟು ತಿರುಗುತ್ತದೆ. ಹಾಗೆ ಇಡೀ ಮೇಲ್ಮೈಗೆ ಪೆಟ್ಟು ಹಂಚಿ ಹೋಗಬೇಕು. ಪರೀಕ್ಷಿಸಲು ಒದ್ದೆ ಜೇಡಿಮಣ್ಣನ್ನು ಮೋಲ್ಡ್‌ನಲ್ಲಿ ನುಣ್ಣಗೆ ಹರಡಿ, ಒಂದು ಸುತ್ತು ಮಾತ್ರ ಓಡಿಸಿ, ಕಾಲರ್ (ಮೋಲ್ಡ್ ಮೇಲೆ ಕೂರಿಸುವ ಬಿಡಿ ಉಂಗುರ) ತೆಗೆದು ಗುರುತುಗಳನ್ನು ನೋಡಿ. ಗೋಡೆಯ ಅಂಚಿನಲ್ಲಿ ಉಂಗುರದ ಹಾಗೆ ಏಣು ಉಳಿದಿದ್ದರೆ ರ‍್ಯಾಮರ್ ಅಂಚಿಗೆ ಮುಟ್ಟುತ್ತಿಲ್ಲ. ಒಂದು ಪಕ್ಕ ಮಾತ್ರ ಆಳವಾಗಿದ್ದರೆ ಮೋಲ್ಡ್ ನಡುವಿಗೆ ಕೂತಿಲ್ಲ. ರ‍್ಯಾಮರ್‌ಗೂ ಮೋಲ್ಡ್ ಗೋಡೆಗೂ ನಡುವೆ ಸುಮಾರು 2.5 ಮಿ.ಮೀ. ಸಂದು ಇರಬೇಕು ಅನ್ನುತ್ತದೆ ಎಎಸ್‌ಟಿಎಂ. ಅದಕ್ಕಿಂತ ಕಡಿಮೆಯಾದರೆ ಗೋಡೆಗೆ ತಗಲುತ್ತದೆ, ಜಾಸ್ತಿಯಾದರೆ ಅಂಚಿನ ಮಣ್ಣು ಸಡಿಲ ಉಳಿಯುತ್ತದೆ. 150 ಮಿ.ಮೀ. ಮೋಲ್ಡ್‌ನಲ್ಲಿ ಸುತ್ತ ಮಾತ್ರ ಬಿದ್ದರೆ ನಡುಭಾಗ ಹಾಗೇ ಉಳಿಯುತ್ತದೆ. ನಡುವಿಗೂ ಪೆಟ್ಟು ಬೀಳುವ ಏರ್ಪಾಡು ಬೇಕು.

ಮೋಲ್ಡ್ ಕೂಡ ಸವೆಯುತ್ತದೆ

ಮೋಲ್ಡ್ ಮೇಲೆ 1000 ಅಂತ ಕೊರೆದಿದೆ ಎಂದು ನಂಬಿಕೊಂಡು ಕೂರಬೇಡಿ. ಮೊರಂ, ಜಲ್ಲಿ ಮಿಶ್ರಿತ ಮಣ್ಣು ಕುಟ್ಟಿ ಕುಟ್ಟಿ ಒಳಗೋಡೆ ಸವೆಯುತ್ತದೆ. ಒಳವ್ಯಾಸ 100ರಿಂದ 101 ಮಿ.ಮೀ. ಆದರೆ ಗಾತ್ರ 1020 ಸಿಸಿ. ಒಂದೇ ಒಂದು ಮಿಲಿಮೀಟರ್ ಸವೆತ, ಡೆನ್ಸಿಟಿಯಲ್ಲಿ ಶೇ. 2 ತಪ್ಪು. ವರ್ಷಕ್ಕೊಮ್ಮೆಯಾದರೂ ತಳದ ಸಂದಿಗೆ ಗ್ರೀಸ್ ಹಚ್ಚಿ, ನೀರು ತುಂಬಿ, ಮೇಲೆ ಗಾಜು ಜಾರಿಸಿ ಗುಳ್ಳೆ ಇಲ್ಲದಂತೆ ಮುಚ್ಚಿ ತೂಗಿ. ನೀರಿನ ಉಷ್ಣತೆಗೆ ತಕ್ಕ ಸಾಂದ್ರತೆಯಿಂದ ಭಾಗಿಸಿದರೆ ನಿಜವಾದ ಗಾತ್ರ ಬರುತ್ತದೆ. ಆ ಅಂಕಿಯನ್ನೇ ಲೆಕ್ಕಕ್ಕೆ ಬಳಸಿ.

ಮಣ್ಣು ತಯಾರಿ

ಮೆಷಿನ್ ಬಂದರೂ ಈ ಕೆಲಸ ಕೈಯದೇ. ಫಲಿತಾಂಶದ ಅರ್ಧ ಇಲ್ಲೇ ನಿರ್ಧಾರವಾಗುತ್ತದೆ ಎಂದು ನಾನು ನಂಬುತ್ತೇನೆ.

ಮಣ್ಣನ್ನು ನೆರಳಲ್ಲಿ ಗಾಳಿಗೆ ಒಣಗಿಸಿ. ಅರ್ಜೆಂಟ್ ಅಂತ ಓವನ್‌ಗೆ ಹಾಕಬೇಡಿ. ಎರೆ ಮಣ್ಣನ್ನು ಬಿಸಿಯಲ್ಲಿ ಒಣಗಿಸಿದರೆ ಅದು ಮೊದಲಿನಂತೆ ನೀರು ಕುಡಿಯುವುದಿಲ್ಲ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಇನ್ನೂ ಸೂಕ್ಷ್ಮ. ಪೂರ್ತಿ ಒಣಗಿದರೆ ಅದರ ಕಣಗಳು ಅಂಟಿಕೊಂಡು ಸ್ವಭಾವವೇ ಬದಲಾಗಬಹುದು. ಅಂಥ ಮಣ್ಣನ್ನು ಬಂದ ತೇವದಿಂದಲೇ ಸ್ವಲ್ಪ ಸ್ವಲ್ಪ ಆರಿಸಿಕೊಂಡು ಕೆಳಗಿನ ಪಾಯಿಂಟ್‌ಗಳಿಗೆ ಹೋಗುವುದು ಒಳ್ಳೆಯದು.

ಹೆಂಟೆಗಳನ್ನು ಮರದ ಕೊಡತಿಯಿಂದ ಒಡೆಯಿರಿ. ಹೆಂಟೆ ಒಡೆಯಬೇಕು, ಕಲ್ಲು ಒಡೆಯಬಾರದು. 20 ಮಿ.ಮೀ. ಜರಡಿಯಲ್ಲಿ ಸೋಸಿ. ಸಾಮಾನ್ಯ ಮಣ್ಣಾದರೆ 1000 ಸಿಸಿ ಮೋಲ್ಡ್‌ಗೆ ಸುಮಾರು 6 ಕೆಜಿ ಸಾಕು. ಕುಟ್ಟಿದರೆ ಪುಡಿಯಾಗುವ ಮೊರಂ ಥರದ್ದಕ್ಕೆ ಸುಮಾರು 15 ಕೆಜಿ ಬೇಕು. ಯಾಕೆಂದರೆ ಪ್ರತಿ ಪಾಯಿಂಟ್‌ಗೂ ಹೊಸ ಮಣ್ಣು ಬಳಸಬೇಕು. ಒಮ್ಮೆ ಕುಟ್ಟಿದ ಮೊರಂ ಅನ್ನು ಮತ್ತೆ ಕಲಸಿ ಕುಟ್ಟಿದರೆ ಅದು ಆಗಲೇ ಬೇರೆ ಮಣ್ಣಾಗಿರುತ್ತದೆ. ನನ್ನನ್ನು ಕೇಳಿದರೆ ಎಲ್ಲ ಮಣ್ಣಿಗೂ ಪ್ರತಿ ಪಾಯಿಂಟ್‌ಗೆ ಹೊಸ ಮಣ್ಣೇ ಸರಿ. ಮೆಷಿನ್ ಉಳಿಸಿಕೊಟ್ಟ ಸಮಯವನ್ನು ಇಲ್ಲಿ ಖರ್ಚು ಮಾಡಿ.

ನೀರಿನ ಲೆಕ್ಕ ಹೀಗೆ. 3 ಕೆಜಿ ಗಾಳಿಗೆ ಒಣಗಿದ ಮಣ್ಣಿದೆ, ಅದರಲ್ಲಿ ಆಗಲೇ ಶೇ. 3 ತೇವ ಇದೆ. ಅಂದರೆ ನಿಜವಾದ ಒಣ ಮಣ್ಣು 2913 ಗ್ರಾಂ, ಒಳಗಿನ ನೀರು 87 ಗ್ರಾಂ. ಶೇ. 10ಕ್ಕೆ ತರಬೇಕಾದರೆ ಒಟ್ಟು 291 ಗ್ರಾಂ ನೀರು ಬೇಕು. ಹಾಕಬೇಕಾದ್ದು 204 ಮಿ.ಲೀ. ಆ 87 ಗ್ರಾಂ ಮರೆತು 300 ಹಾಕಿದರೆ ಒಂದು ಪಾಯಿಂಟ್ ಪೂರ್ತಿ ದಾಟಿಹೋಗುತ್ತೀರಿ.

ಮರಳು, ಗ್ರಾವೆಲ್ ಜಾಸ್ತಿ ಇರುವ ಮಣ್ಣಿಗೆ ಶೇ. 4ರಿಂದ 6 ತೇವದಲ್ಲಿ ಶುರು ಮಾಡಿ ಶೇ. 1ರಿಂದ 2 ಏರಿಸುತ್ತಾ ಹೋಗಿ. ಅಂಟು ಮಣ್ಣಿಗೆ ಪ್ಲಾಸ್ಟಿಕ್ ಲಿಮಿಟ್‌ಗಿಂತ (ಮಣ್ಣನ್ನು ಬಿರಿಯದೆ ಎಳೆಯಾಗಿ ಹೊಸೆಯಲು ಬರುವ ಕನಿಷ್ಠ ತೇವಾಂಶ) ಶೇ. 8ರಿಂದ 10 ಕೆಳಗೆ ಶುರು ಮಾಡಿ ಶೇ. 2ರಿಂದ 4 ಏರಿಸಿ. ಅಂಟು ಮಣ್ಣಿಗೆ ನೀರು ಕಲಸಿದ ತಕ್ಷಣ ಕುಟ್ಟಬಾರದು. ಗಾಳಿಯಾಡದ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಪಾಯಿಂಟ್ ನಂಬರ್ ಬರೆದು, ಕನಿಷ್ಠ 16 ಗಂಟೆ ಬಿಡಿ. ಸಂಜೆ ಕಲಸಿಟ್ಟರೆ ಬೆಳಗ್ಗೆಗೆ ಸರಿಹೋಗುತ್ತದೆ. ವಿಜಯಪುರ, ಗದಗ ಕಡೆಯ ಎರೆ ಮಣ್ಣನ್ನು ಹಾಗೆ ಬಿಡದೆ ಕುಟ್ಟಿದ ಮೇಲೆ ಕತ್ತರಿಸಿ ನೋಡಿ. ಹೊರಗೆ ಮಿರಿ ಮಿರಿ ಒದ್ದೆ, ಹೆಂಟೆಯ ನಡುವೆ ಒಣಗಿದ ಬೂದು ಚುಕ್ಕೆ. ಅದರಿಂದ ಬಂದ ತೇವಾಂಶದ ಅಂಕಿಗೆ ಬೆಲೆ ಇಲ್ಲ.

ಪುಡಿ ಕಣ ಇಲ್ಲದ ಬರೀ ಮರಳಾದರೆ ಪ್ರಾಕ್ಟರ್ ಟೆಸ್ಟ್ ಮಾಡಬೇಡಿ. ಗ್ರಾಫ್‌ನಲ್ಲಿ ಸರಿಯಾದ ಶಿಖರ ಬರುವುದಿಲ್ಲ. ಅದಕ್ಕೆ ಐಎಸ್ 2720 ಭಾಗ 14ರ ವೈಬ್ರೇಟಿಂಗ್ ಟೇಬಲ್ ಇದೆ.

ಮೆಷಿನ್ ಮೇಲೆ ಒಂದು ಮೋಲ್ಡ್

1. ಬೇಸ್ ಪ್ಲೇಟ್ ಸಮೇತ ಖಾಲಿ ಮೋಲ್ಡ್ ತೂಗಿ ಬರೆದುಕೊಳ್ಳಿ. ಕಾಲರ್ ಸೇರಿಸಬೇಡಿ. ಒಳಗೆ ತೆಳುವಾಗಿ ಎಣ್ಣೆ ಸವರಿ.

2. ಟರ್ನ್‌ಟೇಬಲ್ ಮೇಲೆ ಕೂರಿಸಿ ನಟ್‌ಗಳನ್ನು ಎದುರು ಬದುರು ಬಿಗಿಮಾಡಿ. ಮೇನ್ ಸ್ವಿಚ್ ಆಫ್ ಇರುವಾಗಲೇ, ರ‍್ಯಾಮರ್ ಅನ್ನು ಲಾಕ್ ಮಾಡಿ, ಕೈಯಿಂದ ಒಂದು ಸುತ್ತು ತಿರುಗಿಸಿ. ಎಲ್ಲೂ ಉಜ್ಜಬಾರದು.

3. ಕೌಂಟರ್ 25ಕ್ಕೆ ಇಡಿ. ದೊಡ್ಡ ಮೋಲ್ಡ್ ಆದರೆ 56.

4. ಒಂದು ಲೇಯರ್‌ನ ಮಣ್ಣನ್ನು ತೂಗಿ ಹಾಕಿ. ಕಣ್ಣಂದಾಜು ಬೇಡ. ಹಸಿ ಸಾಂದ್ರತೆ 2.1ರ ಆಸುಪಾಸು ಇರುವ ಮಣ್ಣಿಗೆ ಲೈಟ್‌ನಲ್ಲಿ ಸುಮಾರು 730 ಗ್ರಾಂ ಬೇಕಾಗುತ್ತದೆ. ಹೆವಿಯಲ್ಲಿ ಸುಮಾರು 435. ಮೊದಲ ಮೋಲ್ಡ್ ನೋಡಿ ಮುಂದಿನದಕ್ಕೆ ತಿದ್ದಿಕೊಳ್ಳಿ. ಹರಡಿ, ಕೈಯಿಂದ ಹಗುರವಾಗಿ ಒತ್ತಿ ಮಟ್ಟ ಮಾಡಿ.

5. ಗಾರ್ಡ್ ಮುಚ್ಚಿ ಸ್ವಿಚ್ ಒತ್ತಿ. ಓಡುವಾಗ ಬೇರೆ ಕೆಲಸಕ್ಕೆ ಹೋಗಬೇಡಿ, ಸದ್ದು ಕೇಳಿ. ಸರಿಯಾದ ಪೆಟ್ಟಿನ ಸದ್ದು ಒಂದೇ ಥರ ಇರುತ್ತದೆ. ನಡುವೆ ಮಂಕಾದ ಸದ್ದು ಬಂದರೆ ರ‍್ಯಾಮರ್‌ಗೆ ಮಣ್ಣು ಅಂಟಿದೆ ಅಥವಾ ಎಲ್ಲೋ ಹಿಡಿಯುತ್ತಿದೆ.

6. ನಿಂತ ಮೇಲೆ ಮೇನ್ ಆಫ್ ಮಾಡಿ, ರ‍್ಯಾಮರ್ ಲಾಕ್ ಪಿನ್ ಹಾಕಿ, ಆಮೇಲೆ ಕೈ ಒಳಗೆ. 4.9 ಕೆಜಿ ಕಬ್ಬಿಣ ಒಂದೂವರೆ ಅಡಿಯಿಂದ ಬೆರಳ ಮೇಲೆ ಬಿದ್ದರೆ ಮೂಳೆ ಉಳಿಯುವುದಿಲ್ಲ. ದುಪಟ್ಟಾ, ಐಡಿ ಕಾರ್ಡಿನ ದಾರ, ಸಡಿಲ ತೋಳು ಚೈನ್ ಹತ್ತಿರ ಹೋಗಬಾರದು.

7. ಮೇಲ್ಮೈಯನ್ನು ಚಾಕುವಿನಿಂದ ಅಡ್ಡಾದಿಡ್ಡಿ ಗೀರಿ. ಇಲ್ಲದಿದ್ದರೆ ಮುಂದಿನ ಲೇಯರ್ ಹಿಡಿದುಕೊಳ್ಳುವುದಿಲ್ಲ, ಹೊರತೆಗೆದಾಗ ಬಿಲ್ಲೆ ಬಿಲ್ಲೆಯಾಗಿ ಬಿಡುತ್ತದೆ. ರ‍್ಯಾಮರ್ ತಳ ಒರೆಸಿ, ಮುಂದಿನ ಲೇಯರ್ ಹಾಕಿ.

8. ಕೊನೆಯ ಲೇಯರ್ ಮೋಲ್ಡ್‌ನ ಅಂಚಿಗಿಂತ ಮೇಲಿರಬೇಕು, ಆದರೆ 6 ಮಿ.ಮೀ. ದಾಟಬಾರದು. 15 ಮಿ.ಮೀ. ಆಯಿತು ಅಂದುಕೊಳ್ಳಿ. ಅದೇ ಪೆಟ್ಟು ಹೆಚ್ಚು ಮಣ್ಣಿಗೆ ಹಂಚಿಹೋಗಿ, 6 ಮಿ.ಮೀ. ಇದ್ದಾಗ ಸಿಗುವುದಕ್ಕಿಂತ ಶಕ್ತಿ ಶೇ. 6ರಷ್ಟು ಇಳಿಯುತ್ತದೆ. ಅಂಚಿಗಿಂತ ಕೆಳಗೆ ಉಳಿದರೆ ಮೇಲೆ ಮಣ್ಣು ತುಂಬಿ ಸರಿಮಾಡುವ ಹಾಗಿಲ್ಲ. ಆ ಮೋಲ್ಡ್ ಬಿಟ್ಟು ಮತ್ತೆ ಮಾಡಿ.

9. ಕಾಲರ್ ಅನ್ನು ತಿರುಗಿಸಿ ಬಿಡಿಸಿ, ನೇರ ಎಳೆಯಬೇಡಿ. ಸ್ಟ್ರೇಟ್ ಎಡ್ಜ್‌ನಿಂದ ನಡುವಿನಿಂದ ಅಂಚಿಗೆ ಹೆರೆದು ಮಟ್ಟ ಮಾಡಿ. ಸಣ್ಣ ಕಲ್ಲು ಕಿತ್ತು ಬಂದ ಗುಳಿಗೆ ಮಾತ್ರ ಹೆರೆದ ಮಣ್ಣನ್ನೇ ಒತ್ತಿ ತುಂಬಿ. ಹೊರಗೆ ಒರೆಸಿ ತೂಗಿ.

10. ಎಕ್ಸ್‌ಟ್ರಾಕ್ಟರ್‌ನಲ್ಲಿ ಹೊರತೆಗೆದು ಉದ್ದಕ್ಕೆ ಸೀಳಿ. ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ಮಣ್ಣು ತೆಗೆದು ತೇವಾಂಶಕ್ಕೆ 105ರಿಂದ 110 ಡಿಗ್ರಿಯಲ್ಲಿ ಓವನ್‌ಗೆ ಹಾಕಿ.

ಮುಂದಿನ ಪಾಯಿಂಟ್‌ಗಳಿಗೆ ಇದನ್ನೇ ಮಾಡುತ್ತಾ ಹೋಗಿ. ಹಸಿ ತೂಕ ಏರಿ, ಮತ್ತೆ ಇಳಿಯಲು ಶುರುವಾಗಿ, ಇಳಿದ ಕಡೆ ಕನಿಷ್ಠ ಎರಡು ಪಾಯಿಂಟ್ ಸಿಗುವವರೆಗೆ ನಿಲ್ಲಿಸಬೇಡಿ.

ಗ್ರಾಫ್

ಒಂದು ಕೆಂಪು ಮಣ್ಣಿಗೆ ಲೈಟ್ ಕಂಪ್ಯಾಕ್ಷನ್‌ನಲ್ಲಿ ಹೀಗೆ ಬಂತು ಅಂದುಕೊಳ್ಳಿ. ತೇವಾಂಶ ಶೇ. 8.1ಕ್ಕೆ ಹಸಿ ಸಾಂದ್ರತೆ 1.926, ಶೇ. 10.2ಕ್ಕೆ 2.041, ಶೇ. 12.1ಕ್ಕೆ 2.118, ಶೇ. 14.3ಕ್ಕೆ 2.130, ಶೇ. 16.2ಕ್ಕೆ 2.094. ಹಸಿ ಸಾಂದ್ರತೆಯನ್ನು ಒಂದು ಕೂಡಿಸು ತೇವಾಂಶದಿಂದ ಭಾಗಿಸಿ. ಶೇ. 12.1 ಅಂದರೆ 1.121ರಿಂದ. ಒಣ ಸಾಂದ್ರತೆ ಕ್ರಮವಾಗಿ 1.782, 1.852, 1.889, 1.864, 1.802 ಬರುತ್ತದೆ. ಗಮನಿಸಿ, ಹಸಿ ಸಾಂದ್ರತೆಯ ಶಿಖರ ಶೇ. 14.3ರಲ್ಲಿದೆ, ಒಣ ಸಾಂದ್ರತೆಯದ್ದು ಶೇ. 12.1ರ ಹತ್ತಿರ. ತಕ್ಕಡಿ ನೋಡಿಯೇ ಓಎಂಸಿ ಹೇಳುವವರು ಎಡವುವುದು ಇಲ್ಲೇ. ಪಾಯಿಂಟ್‌ಗಳನ್ನು ನಯವಾದ ಗೆರೆಯಲ್ಲಿ ಸೇರಿಸಿದರೆ ಎಂಡಿಡಿ 1.89, ಓಎಂಸಿ ಸುಮಾರು ಶೇ. 12.5.

ಅದೇ ಹಾಳೆಯಲ್ಲಿ ಝೀರೋ ಏರ್ ವಾಯ್ಡ್ಸ್ ಗೆರೆಯನ್ನೂ ಎಳೆಯಿರಿ, ಅಂದರೆ ಮಣ್ಣಿನಲ್ಲಿ ಗಾಳಿಯೇ ಉಳಿಯದಿದ್ದರೆ ಸಿಗುವ ಒಣ ಸಾಂದ್ರತೆಯ ಗೆರೆ. ಮಣ್ಣಿನ ಸ್ಪೆಸಿಫಿಕ್ ಗ್ರ್ಯಾವಿಟಿ (ಅದರ ಕಣಗಳು ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಅಂಕಿ) 2.67 ಆದರೆ, ಶೇ. 16.2 ತೇವದಲ್ಲಿ ಆ ಗೆರೆ 1.864ರಲ್ಲಿರುತ್ತದೆ. ನಮ್ಮ ಪಾಯಿಂಟ್ 1.802, ಗೆರೆಯ ಕೆಳಗೇ ಇದೆ, ಸರಿ. ಯಾವ ಪಾಯಿಂಟ್ ಆದರೂ ಈ ಗೆರೆ ದಾಟಿದರೆ ತೂಕವೋ, ಮೋಲ್ಡ್ ಗಾತ್ರವೋ, ತೇವಾಂಶವೋ, ಸ್ಪೆಸಿಫಿಕ್ ಗ್ರ್ಯಾವಿಟಿಯೋ ತಪ್ಪಿದೆ. ಇಂಥ ಉಚಿತ ತಪಾಸಣೆಯನ್ನು ಎಷ್ಟೋ ರಿಪೋರ್ಟ್‌ಗಳಲ್ಲಿ ಬಿಟ್ಟೇಬಿಡುತ್ತಾರೆ. ಕಂಪ್ಯೂಟರ್ ಎಳೆದ ಗೆರೆಯನ್ನೂ ಕಣ್ಣಿಂದ ನೋಡಿ. ಎಕ್ಸೆಲ್ ಕೆಲವೊಮ್ಮೆ ಪಾಯಿಂಟ್‌ಗಳ ನಡುವೆ ಇಲ್ಲದ ಶಿಖರ ಎಬ್ಬಿಸುತ್ತದೆ.

ಕೈ ರ‍್ಯಾಮರ್ ಜೊತೆ ಹೋಲಿಕೆ

ಕೈ ರ‍್ಯಾಮರ್ ಅನ್ನು ಗುಜರಿಗೆ ಹಾಕಬೇಡಿ. ಮೆಷಿನ್ ಸರಿ ಇದೆಯಾ ಅಂತ ಹೇಳುವ ಸಾಕ್ಷಿ ಅದೇ. ಎಎಸ್‌ಟಿಎಂ ಡಿ2168 ಈ ಕೆಲಸಕ್ಕೇ ಇರುವ ವಿಧಾನ. ಅದರಲ್ಲಿ ಸೀಸದ ಸಣ್ಣ ಸಿಲಿಂಡರ್ ಮೇಲೆ ಪೆಟ್ಟು ಹಾಕಿ, ಅದು ಎಷ್ಟು ಚಪ್ಪಟೆಯಾಯಿತು ಎಂದು ಅಳೆಯುವ ದಾರಿ ಒಂದು. ಮಣ್ಣಿನಲ್ಲೇ ಹೋಲಿಸುವ ದಾರಿ ಇನ್ನೊಂದು. ನಮ್ಮ ಲ್ಯಾಬ್‌ಗಳಿಗೆ ಎರಡನೆಯದು ಸಲೀಸು.

ಒಂದೇ ಮಣ್ಣನ್ನು ಚೆನ್ನಾಗಿ ಬೆರೆಸಿ ಎರಡು ಪಾಲು ಮಾಡಿ. ಅದೇ ಮೋಲ್ಡ್, ಅದೇ ತಕ್ಕಡಿ, ಅದೇ ಓವನ್. ಒಂದು ಪಾಲನ್ನು ತೂಕ, ಎತ್ತರ ಅಳೆದು ಖಚಿತ ಮಾಡಿಕೊಂಡ ಕೈ ರ‍್ಯಾಮರ್‌ನಲ್ಲಿ ಕುಟ್ಟಿ, ಪೂರ್ತಿ ಗ್ರಾಫ್ ತೆಗೆಯಿರಿ. ಇಬ್ಬರು ಮೂವರು ಸರದಿಯಲ್ಲಿ ಕುಟ್ಟಿದರೆ ಸುಸ್ತಿನ ತಪ್ಪು ಬರುವುದಿಲ್ಲ. ಇನ್ನೊಂದು ಪಾಲು ಮೆಷಿನ್‌ನಲ್ಲಿ. ಎರಡು ಎಂಡಿಡಿಗಳ ವ್ಯತ್ಯಾಸ ಶೇ. 2ರೊಳಗೆ ಇರಬೇಕು. 1.89 ಇದ್ದರೆ ಸುಮಾರು 0.038ರೊಳಗೆ.

ಮೆಷಿನ್ ಕಡಿಮೆ ತೋರಿಸಿದರೆ ತಕ್ಷಣ ರ‍್ಯಾಮರ್‌ಗೆ ತೂಕ ಸೇರಿಸಬೇಡಿ. ಮೊದಲು ತಳದ ಬೋಲ್ಟ್ ಸಡಿಲಾಗಿದೆಯಾ ನೋಡಿ. ಆಮೇಲೆ ಬೀಳುವ ಎತ್ತರ, ಗೈಡ್ ರಾಡ್‌ನ ಉಜ್ಜುವಿಕೆ, ಪೆಟ್ಟು ಬೀಳುವ ಜಾಗ. ಇವೆಲ್ಲ ಸರಿ ಇದ್ದೂ ವ್ಯತ್ಯಾಸ ಉಳಿದರೆ ಮಾತ್ರ ತೂಕ ಹೊಂದಿಸಿ, ಮತ್ತೆ ಹೋಲಿಸಿ. ಹೊಸದಾಗಿ ಬಳಸುವ ಮೊದಲು, ಸುಮಾರು 500 ಮೋಲ್ಡ್ ಆದ ಮೇಲೆ, ಮತ್ತು ಯಾವುದೇ ರಿಪೇರಿ ಆದ ಮೇಲೆ ಈ ಹೋಲಿಕೆ ಮಾಡಬೇಕು. ಕಾಲೇಜಿನಲ್ಲಿ 500 ಆಗಲು ವರ್ಷಗಳೇ ಬೇಕಾಗಬಹುದು. ಅಲ್ಲಿ ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ವಿದ್ಯಾರ್ಥಿಗಳಿಂದಲೇ ಮಾಡಿಸಿ. ಮೆಷಿನ್‌ನ ಸ್ವಿಚ್ ಒತ್ತುವುದಕ್ಕಿಂತ ಜಾಸ್ತಿ ಅವರು ಅದರಲ್ಲಿ ಕಲಿಯುತ್ತಾರೆ.

ದಿನನಿತ್ಯದ ಆರೈಕೆ

ಕೆಲಸ ಮುಗಿದ ದಿನವೇ ಬ್ರಷ್‌ನಿಂದ ಮಣ್ಣು ತೆಗೆಯಿರಿ. ಎರೆ ಮಣ್ಣು ಒಣಗಿದರೆ ಉಳಿಯಿಂದ ಕೆತ್ತಬೇಕಾಗುತ್ತದೆ. ನೀರು ಸುರಿದು ತೊಳೆಯಬೇಡಿ, ಕೆಳಗೆ ಮೋಟಾರ್, ವೈರಿಂಗ್ ಇದೆ. ಚೈನ್‌ಗೆ ಎಣ್ಣೆ ಇರಲಿ. ಗೈಡ್ ರಾಡ್‌ಗೆ ದಪ್ಪ ಗ್ರೀಸ್ ಮೆತ್ತಬೇಡಿ, ಧೂಳು ಅಂಟಿಕೊಂಡು ಮರಳು ಕಾಗದದಂತೆ ಉಜ್ಜುತ್ತದೆ. ತಯಾರಕರು ಹೇಳಿದ ತೆಳು ಎಣ್ಣೆಯನ್ನು ಬಟ್ಟೆಯಲ್ಲಿ ಸವರಿದರೆ ಸಾಕು. ತಿಂಗಳಿಗೊಮ್ಮೆ ರ‍್ಯಾಮರ್ ತೂಕ, ಎತ್ತರ, ಬೋಲ್ಟ್‌ಗಳ ಬಿಗಿ ನೋಡಿ. ಕೌಂಟರ್ ಸರಿಯಾಗಿ ಎಣಿಸುತ್ತಿದೆಯಾ ಅಂತ ಬಾಯಲ್ಲಿ ಎಣಿಸಿಕೊಂಡು ಒಮ್ಮೆ ಪರೀಕ್ಷಿಸಿ.

ರಿಪೋರ್ಟ್‌ನಲ್ಲಿ ಏನಿರಬೇಕು

ಎಂಡಿಡಿ, ಓಎಂಸಿ ಎರಡೇ ಅಂಕಿ ಬರೆದು ಸಹಿ ಹಾಕಿದರೆ ಸಾಲದು. ಭಾಗ 7 ಅಥವಾ ಭಾಗ 8, ಮೋಲ್ಡ್‌ನ ಅಳೆದ ಗಾತ್ರ, ಕೈ ರ‍್ಯಾಮರ್ ಅಥವಾ ಮೆಷಿನ್, ಮಣ್ಣನ್ನು ಹೇಗೆ ಒಣಗಿಸಿದ್ದು, ಪ್ರತಿ ಪಾಯಿಂಟ್‌ಗೆ ಹೊಸ ಮಣ್ಣು ಬಳಸಿದ್ದಾ, 20 ಮಿ.ಮೀ. ಜರಡಿ ಮೇಲೆ ಎಷ್ಟು ಉಳಿಯಿತು, ಝೀರೋ ಏರ್ ವಾಯ್ಡ್ಸ್ ಗೆರೆ ಸಮೇತ ಗ್ರಾಫ್. ಮೆಷಿನ್‌ಗೆ ಬೇರೆ ರಿಜಿಸ್ಟರ್ ಇಡಿ: ಓಡಿದ ಮೋಲ್ಡ್‌ಗಳ ಸಂಖ್ಯೆ, ತಿಂಗಳ ತೂಕ ಮತ್ತು ಎತ್ತರ, ರಿಪೇರಿ, ಕೊನೆಯ ಹೋಲಿಕೆಯ ತಾರೀಖು ಮತ್ತು ಎರಡು ಎಂಡಿಡಿಗಳು. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ತಪಾಸಣೆಗೆ ಬಂದವರು ಇದನ್ನು ಕೇಳಿಯೇ ಕೇಳುತ್ತಾರೆ. ಮಾನ್ಯತೆ ಇಲ್ಲದ ಲ್ಯಾಬ್‌ನವರೂ ಇಡಬೇಕು. ಸೈಟಿನಿಂದ ಇಂಜಿನಿಯರ್ ಫೋನ್ ಮಾಡಿ "ಎಷ್ಟು ರೋಲ್ ಮಾಡಿದರೂ ಶೇ. 97 ಬರ್ತಾ ಇಲ್ಲ" ಅಂದಾಗಲೂ, "ಎರಡೇ ಸಲ ರೋಲ್ ಮಾಡಿದ್ದಕ್ಕೆ ಶೇ. 103 ಬಂತು" ಅಂದಾಗಲೂ, ಮೊದಲು ತೆರೆಯಬೇಕಾದ್ದು ಈ ರಿಜಿಸ್ಟರ್.